ಕನಿಕರದ ಕಾಸಲ್ಲ, ಕೆಲಸದ ಕೂಲಿ: ಸುಮನಹಳ್ಳಿಯ ಕೈಕಸುಬಿನ ಚರಿತ್ರೆ

ಮಾಗಡಿ ರಸ್ತೆಯಲ್ಲಿ ಮೆಜೆಸ್ಟಿಕ್ ಕಡೆಯಿಂದ ಪಶ್ಚಿಮಕ್ಕೆ ಬರುವವರಿಗೆ ಕಾಮಾಕ್ಷಿಪಾಳ್ಯ ದಾಟಿದ ಮೇಲೆ ಹೊರವರ್ತುಲ ರಸ್ತೆ ಅಡ್ಡ ಸಿಗುತ್ತದೆ. ಅದು ಸುಮನಹಳ್ಳಿ ಜಂಕ್ಷನ್. ಅಲ್ಲಿಂದ ಮುಂದಕ್ಕೆ ನಮ್ಮ ಸುಂಕದಕಟ್ಟೆ. ದಿನಕ್ಕೆ ಸಾವಿರಾರು ಜನ ಜಂಕ್ಷನ್ನಿನ ಮೇಲ್ಸೇತುವೆಯ ಮೇಲೆ, ಅದರ ಕೆಳಗೆ ಓಡಾಡುತ್ತಾರೆ. ಕಂಡಕ್ಟರ್ ಕೂಗುವ ಹೆಸರು ಎಲ್ಲರ ಕಿವಿಗೂ ಬೀಳುತ್ತದೆ. ಕುಷ್ಠರೋಗಿಗಳ ಪುನರ್ವಸತಿಗೆ ಹುಟ್ಟಿದ ಅದೇ ಹೆಸರಿನ ಸಂಸ್ಥೆಯೊಂದು ರಸ್ತೆಯ ಪಕ್ಕದ ಗೇಟಿನೊಳಗೆ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿದೆ ಎಂಬುದು ಮಾತ್ರ ಹೊಸದಾಗಿ ಬಂದು ನೆಲೆಸಿದ ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಭಾಗದ ಸಂಸ್ಥೆಗಳನ್ನು ನೆನೆಯುವ ಈ ಸಂಚಿಕೆಯಲ್ಲಿ ಸುಮನಹಳ್ಳಿ ಸೊಸೈಟಿಗೆ ಒಂದು ಲೇಖನ ಸಲ್ಲಲೇಬೇಕು. ಅದರಲ್ಲೂ ಅಲ್ಲಿನ ಕೈಕಸುಬಿನ ಬಗ್ಗೆ ಬರೆಯಬೇಕೆಂದು ನಾನು ಆರಿಸಿಕೊಂಡೆ. ಉಡುಗೊರೆಯ ಅಂಗಡಿಯಲ್ಲಿ ಕಾಣುವ ಒಂದು ಚರ್ಮದ ಪರ್ಸಿನ ಹಿಂದೆ ಎಷ್ಟು ದೊಡ್ಡ ಸಾಮಾಜಿಕ ಚರಿತ್ರೆ ಇರಬಲ್ಲದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಇದಕ್ಕಿಂತ ಒಳ್ಳೆಯ ನಿದರ್ಶನ ಇಲ್ಲ.

ಊರಾಚೆಯ ನೆಲ

ಇಂದು ಸುಂಕದಕಟ್ಟೆ, ಹೆಗ್ಗನಹಳ್ಳಿ, ಕಾಮಾಕ್ಷಿಪಾಳ್ಯ ಎಂದರೆ ಸಣ್ಣ ಕಾರ್ಖಾನೆ, ಗಾರ್ಮೆಂಟ್ಸ್, ಒತ್ತೊತ್ತಾಗಿ ನಿಂತ ಬಾಡಿಗೆ ಮನೆ. 1970ರ ದಶಕದಲ್ಲಿ ಇದು ಊರಾಚೆ. ನಗರಗಳು ತಮಗೆ ಬೇಡವೆನಿಸಿದವರಿಗೆ ಜಾಗ ತೋರಿಸುವುದು ಯಾವಾಗಲೂ ಊರಾಚೆಯೇ. ಮಾಗಡಿ ರಸ್ತೆಗೆ ಸರ್ಕಾರಿ ಕುಷ್ಠರೋಗ ಆಸ್ಪತ್ರೆ ಬಂದದ್ದೂ ಹಾಗೆ, ಜನ ಇವತ್ತಿಗೂ ಬೆಗ್ಗರ್ಸ್ ಕಾಲೊನಿ ಎಂದೇ ಕರೆಯುವ ನಿರಾಶ್ರಿತರ ಪರಿಹಾರ ಕೇಂದ್ರ ಬಂದದ್ದೂ ಹಾಗೆ.

1975ರಲ್ಲಿ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಭಿಕ್ಷೆ ಬೇಡುವವರನ್ನು ಹಿಡಿದು ತಂದು ಪರಿಹಾರ ಕೇಂದ್ರದಲ್ಲಿ ಇಡಬೇಕೆಂದು ಕಾಯ್ದೆ ಹೇಳಿತು. ಆ ಕಾಲದಲ್ಲಿ ದೇವಸ್ಥಾನ, ದರ್ಗಾ, ಚರ್ಚು, ರೈಲು ನಿಲ್ದಾಣಗಳ ಮುಂದೆ ಕೂತು ಬೇಡುತ್ತಿದ್ದವರಲ್ಲಿ ಕುಷ್ಠರೋಗದಿಂದ ಬೆರಳು ಕಳೆದುಕೊಂಡವರು ಬಹಳ. ಅವರಾರೂ ಭಿಕ್ಷೆಗೇ ಹುಟ್ಟಿದವರಲ್ಲ. ಹೊಲ ಉತ್ತವರು, ಮಗ್ಗ ನೇಯ್ದವರು, ಅಡುಗೆ ಮಾಡಿದವರು. ಮೈಮೇಲೆ ಮಚ್ಚೆ ಕಂಡ ದಿನ ಮನೆಯವರೇ ಹೊರಗೆ ಕಳಿಸಿದ್ದರು. ಅಂಥವರನ್ನು ಹಿಡಿದು ತಂದು ಅನ್ನ ಹಾಕಿದರೆ ಹೊಟ್ಟೆ ತುಂಬುತ್ತದೆ, ನಿಜ. ಬಾಳು ಮತ್ತೆ ಕಟ್ಟಿಕೊಳ್ಳುವುದು ಅಷ್ಟರಿಂದ ಆಗುವುದಿಲ್ಲ.

ಆಗ ಮುಖ್ಯಮಂತ್ರಿಯಾಗಿದ್ದವರು ಡಿ. ದೇವರಾಜ ಅರಸು. 1974ರ ಭೂಸುಧಾರಣೆ, ಹಿಂದುಳಿದ ವರ್ಗಗಳ ಹಾವನೂರು ಆಯೋಗ ಇವೆಲ್ಲ ಆ ಆಡಳಿತದ ಹೆಗ್ಗುರುತುಗಳು. ಸಮಾಜದ ಅಂಚಿನಲ್ಲಿದ್ದವರ ಪಾಲಿಗೆ ಸರ್ಕಾರ ಏನಾದರೂ ಮಾಡಬೇಕೆಂಬ ಹಟ ಇದ್ದ ಕಾಲ ಅದು. ಕುಷ್ಠರೋಗಿಗಳ ಪುನರ್ವಸತಿಗೆ ಕೈಜೋಡಿಸುವಂತೆ ಸರ್ಕಾರ ಬೆಂಗಳೂರು ಮಹಾಧರ್ಮಕ್ಷೇತ್ರವನ್ನು ಕೇಳಿಕೊಂಡಿತು. ಆಗ ಆರ್ಚ್‌ಬಿಷಪ್ ಆಗಿದ್ದವರು ಪಿ. ಆರೋಕ್ಯಸ್ವಾಮಿ. 1977ರಲ್ಲಿ ಮಾಗಡಿ ರಸ್ತೆಯ ಪಕ್ಕದ ಸುಮಾರು 63 ಎಕರೆ ನೆಲ 30 ವರ್ಷಗಳ ಗುತ್ತಿಗೆಯ ಮೇಲೆ ಸಿಕ್ಕಿತು. ಸುಮನಹಳ್ಳಿ ಸೊಸೈಟಿ ಶುರುವಾದದ್ದು ಹೀಗೆ, ನೆಲ ಸರ್ಕಾರದ್ದು, ಸೇವೆ ಚರ್ಚಿನದು ಎಂಬ ಕರಾರಿನ ಮೇಲೆ.

ಮದ್ದು ಮುಗಿದ ಮೇಲೆ

ಸಂಸ್ಥೆ ಹುಟ್ಟಿದ ಹೊತ್ತಿನಲ್ಲಿ ವೈದ್ಯಶಾಸ್ತ್ರ ಎಲ್ಲಿತ್ತು ಎಂದು ತಿಳಿಯದಿದ್ದರೆ ಕೈಕಸುಬಿನ ಮಹತ್ವ ಅರ್ಥವಾಗುವುದಿಲ್ಲ. ಕುಷ್ಠದ ಸೂಕ್ಷ್ಮಾಣುವನ್ನು ನಾರ್ವೆಯ ಆರ್ಮೌವರ್ ಹ್ಯಾನ್ಸನ್ ಗುರುತಿಸಿದ್ದು 1873ರಲ್ಲಿ. ಇದು ಶಾಪವಲ್ಲ, ಪಾಪದ ಫಲವಲ್ಲ, ವಂಶದಿಂದ ಬರುವುದೂ ಅಲ್ಲ ಎಂದು ತಿಳಿಯಲು ಅದು ದಾರಿ ಮಾಡಿತು. ಮದ್ದು ಬರಲು ಮಾತ್ರ 1940ರ ದಶಕದವರೆಗೆ ಕಾಯಬೇಕಾಯಿತು. ಡ್ಯಾಪ್ಸೋನ್ ಮಾತ್ರೆ ಬಂತು. ಅದನ್ನು ವರ್ಷಗಟ್ಟಲೆ, ಕೆಲವರು ಬದುಕಿರುವಷ್ಟು ಕಾಲವೂ ನುಂಗಬೇಕಿತ್ತು. ಮೂರು ಔಷಧಿಗಳನ್ನು ಸೇರಿಸಿ ಕೊಡುವ ಬಹು ಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1980ರ ದಶಕದ ಆರಂಭದಲ್ಲಿ. ಭಾರತದಲ್ಲಿ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ 1983ರಲ್ಲಿ ಅದನ್ನು ಕೈಗೆತ್ತಿಕೊಂಡಿತು. ಈಗ ಆರು ತಿಂಗಳು, ಹೆಚ್ಚೆಂದರೆ ಹನ್ನೆರಡು ತಿಂಗಳಲ್ಲಿ ರೋಗ ವಾಸಿ. ಮದ್ದು ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಬೇರೆಯವರಿಗೆ ಹರಡುವ ಭಯವೂ ಹೋಗುತ್ತದೆ.

ರೋಗಾಣು ಸಾಯುತ್ತದೆ, ಆದರೆ ಹಾಳಾದ ನರ ಮತ್ತೆ ಚಿಗುರುವುದಿಲ್ಲ. ಕೈಯ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಒಳಕ್ಕೆ ಬಾಗಿಕೊಳ್ಳುತ್ತವೆ. ಅಂಗೈಗೆ ಬಿಸಿ, ತಂಪು, ನೋವು ಗೊತ್ತಾಗುವುದಿಲ್ಲ. ಕಾದ ಪಾತ್ರೆ ಹಿಡಿದರೂ ಗೊತ್ತಾಗದೆ ಬೊಬ್ಬೆ ಬರುತ್ತದೆ, ಬೊಬ್ಬೆ ಹುಣ್ಣಾಗುತ್ತದೆ, ಹುಣ್ಣು ಎಲುಬಿಗೆ ಇಳಿಯುತ್ತದೆ. ಬೆರಳು ಹೋಗುವುದು ಹೀಗೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಈ ಸತ್ಯವನ್ನು ಲೋಕಕ್ಕೆ ತೋರಿಸಿಕೊಟ್ಟರು. ಬಾಗಿದ ಬೆರಳಿಗೆ ಸ್ನಾಯುರಜ್ಜುವನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಮಾಡಿ ಕೈ ತೆರೆಯುವಂತೆ ಮಾಡಿದರು. ಆಮೇಲೆ ಅವರಿಗೆ ಇನ್ನೊಂದು ಪ್ರಶ್ನೆ ಎದುರಾಯಿತು. ಕೈ ನೆಟ್ಟಗಾದ ಮನುಷ್ಯ ಊರಿಗೆ ಹೋದರೆ ಕೆಲಸ ಕೊಡುವವರಾರು? ಅವರು ಅಲ್ಲಿಯೇ ಒಂದು ಪುಟ್ಟ ವಸತಿ ಕಟ್ಟಿ ಮರಗೆಲಸ ಕಲಿಸಿದರು, ಮರದ ಆಟಿಕೆ ಮಾಡಿಸಿದರು. ಬಾಬಾ ಆಮ್ಟೆ ಮಹಾರಾಷ್ಟ್ರದ ವರೋರಾದ ಬಳಿ ಆನಂದವನ ಕಟ್ಟಿದ್ದೂ ಇದೇ ಕಾಲದಲ್ಲಿ, ದುಡಿಮೆಯೇ ಚಿಕಿತ್ಸೆಯ ಉಳಿದ ಅರ್ಧ ಎಂಬ ನಂಬಿಕೆಯಿಂದ.

ಸುಮನಹಳ್ಳಿ ಹಿಡಿದದ್ದು ಇದೇ ದಾರಿ. ಕ್ಲಿನಿಕ್ ನಡೆಸಿತು, ಬೆಂಗಳೂರಿನ ಕೊಳೆಗೇರಿಗಳಿಗೆ ಸಂಚಾರಿ ಚಿಕಿತ್ಸಾ ತಂಡ ಕಳಿಸಿತು, ಮನೆಯಿಲ್ಲದವರಿಗೆ ಸೂರು, ಮಕ್ಕಳಿಗೆ ಓದು ಒದಗಿಸಿತು. ಇವುಗಳ ಜೊತೆಗೆ ಹೊಲಿಗೆ ಮತ್ತು ಚರ್ಮದ ಕೆಲಸದ ಘಟಕಗಳನ್ನು ಕಟ್ಟಿತು. ಉಳಿದ ಸೇವೆಗಳಿಗೆ ಸಿಗುವ ಮನ್ನಣೆ ಈ ಘಟಕಗಳಿಗೆ ಸಿಕ್ಕಿದ್ದು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಸಂಸ್ಥೆಯ ತಿರುಳು ಇರುವುದು ಅಲ್ಲಿಯೇ.

ಚರ್ಮದ ಬೆಂಚಿನ ಮುಂದೆ

ಕುಷ್ಠರೋಗ ಕೇಂದ್ರಗಳಿಗೂ ಚರ್ಮದ ಕೆಲಸಕ್ಕೂ ಹಳೆಯ ನಂಟು. ಸ್ಪರ್ಶವಿಲ್ಲದ ಪಾದಕ್ಕೆ ಅಂಗಡಿಯ ಚಪ್ಪಲಿ ಆಗಿಬರುವುದಿಲ್ಲ. ಮೊಳೆ ಹೊಡೆದ ಅಟ್ಟೆಯೇ ಹುಣ್ಣು ಮಾಡುತ್ತದೆ. ಎಂಸಿಆರ್ ಎಂದು ಕರೆಯುವ ಮೆತ್ತನೆಯ ರಬ್ಬರಿನ ಅಟ್ಟೆ, ಮೊಳೆಯಿಲ್ಲದ ಹೊಲಿಗೆ, ಪಾದದ ಅಳತೆಗೆ ತಕ್ಕ ಪಟ್ಟಿ ಇರುವ ಚಪ್ಪಲಿ ಬೇಕು. ಹೀಗಾಗಿ ದೇಶದ ಬಹುತೇಕ ಕುಷ್ಠರೋಗ ಆಸ್ಪತ್ರೆಗಳಲ್ಲಿ ಚಪ್ಪಲಿ ಮಾಡುವ ಮೂಲೆಯೊಂದು ಇದ್ದೇ ಇರುತ್ತದೆ. ತಮ್ಮವರ ಕಾಲಿಗೆ ಚಪ್ಪಲಿ ಮಾಡುವ ಕೈ ಹೊರಗಿನವರಿಗೆ ಪರ್ಸು, ಬೆಲ್ಟು, ಕೈಚೀಲ ಮಾಡುವುದು ದೂರದ ಮಾತಲ್ಲ.

ಒಂದು ಸಾದಾ ಪರ್ಸು ತಯಾರಾಗುವ ಬಗೆ ನೋಡಿ. ಹದ ಮಾಡಿದ ಚರ್ಮವನ್ನು ಬೆಳಕಿಗೆ ಹಿಡಿದು ಗಾಯದ ಗುರುತು, ತೆಳುವಾದ ಜಾಗ ಎಲ್ಲಿದೆಯೆಂದು ಮೊದಲು ನೋಡಿಕೊಳ್ಳಬೇಕು. ರಟ್ಟಿನ ಅಚ್ಚು ಇಟ್ಟು ಗೀಟು ಎಳೆದು ಕತ್ತರಿಸಬೇಕು. ಮಡಚುವ ಅಂಚನ್ನು ರಂಪಿಗೆಯಿಂದ ಕೆರೆದು ತೆಳುವಾಗಿಸಬೇಕು. ಇಲ್ಲಿ ಕೂದಲೆಳೆಯಷ್ಟು ಹೆಚ್ಚು ಕೆರೆದರೆ ಚರ್ಮ ಹರಿಯುತ್ತದೆ, ಕಡಿಮೆ ಕೆರೆದರೆ ಅಂಚು ದಪ್ಪವಾಗಿ ಉಬ್ಬುತ್ತದೆ. ಆಮೇಲೆ ಅಂಟು, ಸಮಾನ ಅಂತರದ ತೂತು, ಹೊಲಿಗೆ, ಅಂಚಿಗೆ ಬಣ್ಣ, ಕೊನೆಗೆ ಉಜ್ಜಿ ಹೊಳಪು. ಬೆರಳ ತುದಿಯ ಸ್ಪರ್ಶದ ಮೇಲೆಯೇ ನಿಂತ ಕಸುಬು ಇದು. ಸ್ಪರ್ಶವೇ ಇಲ್ಲದ ಕೈ ಇದನ್ನು ಕಲಿಯುವುದೆಂದರೆ ಕಣ್ಣಿಂದ ಮುಟ್ಟುವುದನ್ನು ಕಲಿತಂತೆ. ಹಿಡಿ ತೆಳ್ಳಗಿದ್ದರೆ ಒತ್ತಡ ಒಂದೇ ಕಡೆ ಬಿದ್ದು ಗಾಯವಾಗುತ್ತದೆ. ಆದ್ದರಿಂದ ಇಂಥ ಕೈಗಳಿಗೆ ಉಪಕರಣದ ಹಿಡಿಯನ್ನು ದಪ್ಪ ಮಾಡಿ ಬಟ್ಟೆಯನ್ನೋ ರಬ್ಬರನ್ನೋ ಸುತ್ತಿಕೊಡಬೇಕು. ಕೆಲಸದ ನಡುವೆ ಕೈ ತಿರುಗಿಸಿ ಕೆಂಪಾಗಿದೆಯೇ ಎಂದು ನೋಡಿಕೊಳ್ಳುವ ಅಭ್ಯಾಸ ಬೇಕು. ದಿನದ ಕೊನೆಗೆ ಕೈಕಾಲು ನೀರಿನಲ್ಲಿ ನೆನೆಸಿ, ಒರಟು ಚರ್ಮ ತಿಕ್ಕಿ ತೆಗೆದು, ಎಣ್ಣೆ ಸವರಬೇಕು. ಇಷ್ಟೆಲ್ಲ ಜತನದ ನಡುವೆ ಒಂದು ಪರ್ಸು ಮುಗಿಯುತ್ತದೆ. ಕೊಳ್ಳುವವರ ಕೈಗೆ ಬಂದಾಗ ಅದು ಬರೀ ಪರ್ಸು. ಹಾಗೆ ಇರುವುದೇ ಸರಿ. ಮಾಡಿದವರ ಕೈಯ ಸ್ಥಿತಿ ನೋಡಿ ಅಲ್ಲ, ಹೊಲಿಗೆ ನೋಡಿ ಗಿರಾಕಿ ಮೆಚ್ಚಬೇಕು.

ಕನ್ನಡ ನಾಡಿನವರಿಗೆ ಚರ್ಮದ ಕೆಲಸದ ಘನತೆಯನ್ನು ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಹರಳಯ್ಯ ಇದ್ದರು. ಬಸವಣ್ಣ ತಮಗೆ ಒಂದು ಶರಣು ಹೆಚ್ಚಾಗಿ ಹೇಳಿದನೆಂದು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದ ಕಥೆ ಮನೆಮನೆಗೂ ಗೊತ್ತು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತುಕೊಂಡ. ಮಾಡಿದವನೂ ಪಡೆದವನೂ ಒಂದೇ ನೆಲದ ಮೇಲೆ ನಿಂತ ಉಡುಗೊರೆ ಅದು. ಕಾಯಕ ಎನ್ನುವ ನಮ್ಮ ಮಾತಿಗೆ ಇರುವ ತೂಕ ಅದೇ. ಕೈಕಸುಬಿನ ಉಡುಗೊರೆಯ ವ್ಯಾಪಾರ ಎಲ್ಲಿಯೇ ನಡೆಯಲಿ, ಈ ಸಮಾನತೆ ಇದ್ದರೆ ಮಾತ್ರ ಅದು ನ್ಯಾಯದ ವ್ಯಾಪಾರ.

ಲೋಕದ ಫೇರ್ ಟ್ರೇಡ್, ನಾಡಿನ ಕುಶಲಕರ್ಮಿ

ಫೇರ್ ಟ್ರೇಡ್ ಎಂದು ಜಗತ್ತು ಕರೆಯುವ ಚಳವಳಿ ಶುರುವಾದದ್ದೂ ಬಡವರ ಕೈಕೆಲಸದಿಂದಲೇ. 1946ರಲ್ಲಿ ಅಮೆರಿಕದ ಎಡ್ನಾ ರೂತ್ ಬೈಲರ್ ಎಂಬ ಮೆನನೈಟ್ ಕ್ರೈಸ್ತ ಪಂಥದ ಮಹಿಳೆ ಪೋರ್ಟೊರಿಕೊದ ಹೆಂಗಸರು ಮಾಡಿದ ಕಸೂತಿಯನ್ನು ತಂದು ತಮ್ಮ ಊರಿನ ಪರಿಚಿತರಿಗೆ ಮಾರಿದರು. ಅದು ಬೆಳೆದು ಟೆನ್ ಥೌಸಂಡ್ ವಿಲೇಜಸ್ ಎಂಬ ಅಂಗಡಿಗಳ ಜಾಲವಾಯಿತು. ಬ್ರಿಟನ್ನಿನ ಆಕ್ಸ್‌ಫಾಮ್ 1950ರ ದಶಕದ ಕೊನೆಗೆ ಹಾಂಗ್‌ಕಾಂಗಿನ ಚೀನೀ ನಿರಾಶ್ರಿತರ ಕೈಕೆಲಸವನ್ನು ತನ್ನ ಅಂಗಡಿಗಳಲ್ಲಿ ಇಟ್ಟಿತು. 1968ರಲ್ಲಿ ದೆಹಲಿಯಲ್ಲೇ ನಡೆದ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನದಲ್ಲಿ ಬಡ ದೇಶಗಳು ನಮಗೆ ನೆರವಿಗಿಂತ ವ್ಯಾಪಾರ ಬೇಕು ಎಂದವು. ಮರುವರ್ಷ ನೆದರ್ಲೆಂಡ್ಸಿನ ಬ್ರೂಕೆಲೆನ್ ಊರಿನಲ್ಲಿ ಬಡ ದೇಶಗಳ ಮಾಲು ಮಾರುವ ಮೊದಲ ವರ್ಲ್ಡ್ ಶಾಪ್ ತೆರೆಯಿತು. ಭಾರತದಲ್ಲಿ 1970ರ ದಶಕದಲ್ಲಿ ಮುಂಬಯಿಯ ಆಶಾ ಹ್ಯಾಂಡಿಕ್ರಾಫ್ಟ್ಸ್, ಕೋಲ್ಕತ್ತಾದ ಸಾಶಾ ಮುಂತಾದ ಸಂಸ್ಥೆಗಳು ಕುಶಲಕರ್ಮಿಗಳ ಗುಂಪುಗಳಿಗೂ ಹೊರದೇಶದ ಅಂಗಡಿಗಳಿಗೂ ನೇರ ಸೇತುವಾದವು. ಸುಮನಹಳ್ಳಿ ಹುಟ್ಟಿದ್ದೂ ಅದೇ ದಶಕದಲ್ಲಿ. ಇಂಥ ಸಂಘಟನೆಗಳ ಅಂತರರಾಷ್ಟ್ರೀಯ ಒಕ್ಕೂಟ 1989ರಲ್ಲಿ ರೂಪುಗೊಂಡು ಈಗ ವಿಶ್ವ ಫೇರ್ ಟ್ರೇಡ್ ಸಂಘಟನೆ ಎಂಬ ಹೆಸರಿನಲ್ಲಿದೆ.

ಆ ಸಂಘಟನೆಯ ಹತ್ತು ತತ್ವಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು, ಬೆಲೆಯನ್ನು ಮಾಡುವವರ ಜೊತೆ ಕೂತು ಮಾತಾಡಿ ನಿಗದಿ ಮಾಡುವುದು. ಎರಡನೆಯದು, ಕೈಕಸುಬಿನ ಆರ್ಡರ್ ಕೊಟ್ಟಾಗ ಕುಶಲಕರ್ಮಿ ಕೇಳಿದರೆ ಅರ್ಧ ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡುವುದು. ಎರಡನೆಯದು ಸಣ್ಣ ಮಾತೆಂದು ತೋರಬಹುದು. ಚರ್ಮ, ಬಕಲು, ಜಿಪ್ಪು, ದಾರ, ಅಂಟು ಎಲ್ಲವನ್ನೂ ಕೆಲಸಕ್ಕೆ ಮೊದಲೇ ಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದ ಕುಶಲಕರ್ಮಿ ಅದಕ್ಕೆ ಸಾಲ ಮಾಡುತ್ತಾನೆ. ಸಾಲ ಕೊಟ್ಟ ವ್ಯಾಪಾರಿಯೇ ಮಾಲೂ ಕೊಳ್ಳುತ್ತಾನೆ, ಬೆಲೆಯೂ ಅವನೇ ಹೇಳುತ್ತಾನೆ. ನಮ್ಮ ನಾಡಿನ ನೇಕಾರರು, ಬುಟ್ಟಿ ಹೆಣೆಯುವವರು, ಊದುಬತ್ತಿ ಹೊಸೆಯುವವರು ತಲೆಮಾರುಗಟ್ಟಲೆ ಬಿದ್ದ ಬಲೆ ಇದೇ. ಮುಂಗಡ ಎಂಬುದು ಆ ಬಲೆಯನ್ನು ಕತ್ತರಿಸುವ ಕತ್ತರಿ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಲವು ದಾರಿಗಳು ಬಂದವು. 1964ರಲ್ಲಿ ಸ್ಥಾಪನೆಯಾದ ಕರಕುಶಲ ಅಭಿವೃದ್ಧಿ ನಿಗಮ ಕಾವೇರಿ ಮಳಿಗೆಗಳ ಮೂಲಕ ಶ್ರೀಗಂಧದ ಕೆತ್ತನೆ, ಬಿದರಿ, ಚನ್ನಪಟ್ಟಣದ ಅರಗಿನ ಬೊಂಬೆಗಳಿಗೆ ಸರ್ಕಾರಿ ಮಾರುಕಟ್ಟೆ ಕೊಟ್ಟಿತು. ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನು ಅವರ ಲಂಗ, ಕಂಚುಕದಿಂದಾಚೆಗೆ ಕೈಚೀಲ, ದಿಂಬಿನ ಹೊದಿಕೆಗಳ ಮೇಲೆ ತಂದಿತು. ಆ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಯನ್ನು ದೇಸಿ ಅಂಗಡಿಗಳ ಮೂಲಕ ಮಾರಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ಕರವೇ ಬೇಡವೆಂದು ಅವರು ಉಪವಾಸ ಕೂತರು. ಯಂತ್ರದ ಮಾಲಿಗೂ ಕೈಯ ಮಾಲಿಗೂ ಒಂದೇ ತಕ್ಕಡಿ ಹಿಡಿದರೆ ಕೈ ಸೋಲುತ್ತದೆ ಎಂಬ ಆ ವಾದ ಸುಮನಹಳ್ಳಿಯ ಬೆಂಚಿಗೂ ಅಷ್ಟೇ ಸಲ್ಲುತ್ತದೆ.

ಈ ಎಲ್ಲರಿಗಿಂತ ಸುಮನಹಳ್ಳಿಯ ಹಾದಿ ಕಷ್ಟದ್ದು. ಚನ್ನಪಟ್ಟಣದ ಬೊಂಬೆಗೆ ಟಿಪ್ಪುವಿನ ಕಾಲದ ಹೆಸರಿದೆ, ಬಿದರಿಗೆ ಬಹಮನಿ ಅರಸರ ಹಿನ್ನೆಲೆ ಇದೆ, ಕಿನ್ನಾಳಕ್ಕೆ ಚಿತ್ರಗಾರರ ವಂಶಪರಂಪರೆ ಇದೆ. ಸುಮನಹಳ್ಳಿಯ ಕೆಲಸಗಾರರಲ್ಲಿ ಹೆಚ್ಚಿನವರು ಬೇರೆ ಬೇರೆ ಊರು, ಜಾತಿ, ಕಸುಬಿನಿಂದ ಬಂದವರು. ಅವರನ್ನು ಒಂದೆಡೆ ತಂದದ್ದು ರೋಗ. ತಾತನಿಂದ ಬಂದ ಕಸುಬು ಅವರಿಗೆ ಇರಲಿಲ್ಲ. ನಡುವಯಸ್ಸಿನಲ್ಲಿ ಅ ಆ ಇ ಈ ಕಲಿತ ಹಾಗೆ ಕಸುಬು ಕಲಿತರು. ಮೇಲಾಗಿ ಅವರು ಮಾಡಿದ ಮಾಲನ್ನು ಮುಟ್ಟಲೂ ಹೆದರುವ ಜನ ಇದ್ದ ಕಾಲ ಅದು. ವೈದ್ಯಶಾಸ್ತ್ರ ಹೆದರಿಕೆ ಬೇಡವೆಂದರೂ ಮನಸ್ಸು ಒಪ್ಪುತ್ತಿರಲಿಲ್ಲ. ಆ ಹೆದರಿಕೆಯನ್ನು ಉಪನ್ಯಾಸಕ್ಕಿಂತ ಚೆನ್ನಾಗಿ ಕಳೆದದ್ದು ಗಟ್ಟಿಮುಟ್ಟಾದ ಮಾಲು. ವರ್ಷಗಟ್ಟಲೆ ಬಳಸಿದರೂ ಹೊಲಿಗೆ ಬಿಡದ ಚೀಲ ಮಾಡಿದವರನ್ನು ಯಾರೂ ರೋಗಿ ಎಂದು ನೆನೆಯುವುದಿಲ್ಲ, ಕೆಲಸಗಾರ ಎಂದೇ ನೆನೆಯುತ್ತಾರೆ.

ಕಾಲ ಬದಲಾದಂತೆ

ಚಿಕಿತ್ಸೆ ಸುಲಭವಾದ ಮೇಲೆ ಸಂಸ್ಥೆಯ ಕೆಲಸವೂ ಬದಲಾಯಿತು. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ಎಂಬ ಮಟ್ಟಕ್ಕೆ ಕುಷ್ಠ ಇಳಿದಿದೆ ಎಂದು ಭಾರತ 2005ರ ಕೊನೆಗೆ ಘೋಷಿಸಿತು. ಹಾಗೆಂದು ರೋಗ ಹೋಗಿಲ್ಲ. ಈಗಲೂ ದೇಶದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸಿನಲ್ಲಿ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ನಮ್ಮವರೇ. ಕಾನೂನು ನಿಧಾನವಾಗಿ ತಿದ್ದಿಕೊಂಡಿತು. ರೋಗಿಗಳನ್ನು ಹಿಡಿದು ಬೇರೆ ಇಡಲು ಬ್ರಿಟಿಷರು 1898ರಲ್ಲಿ ತಂದ ಕಾಯ್ದೆ ರದ್ದಾದದ್ದು 2016ರಲ್ಲಿ. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಷ್ಠದಿಂದ ಗುಣವಾದವರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಸಂಗಾತಿಗೆ ಕುಷ್ಠವಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳಬಹುದೆಂಬ ನಿಯಮ 2019ರಲ್ಲಿ ಹೋಯಿತು.

ಸುಮನಹಳ್ಳಿಯೂ ತನ್ನ ಬಾಗಿಲನ್ನು ಅಗಲಿಸಿತು. ಫಾದರ್ ಜಾರ್ಜ್ ಕಣ್ಣಂತಾನಂ ಅವರು ನಿರ್ದೇಶಕರಾಗಿದ್ದ ವರ್ಷಗಳಲ್ಲಿ ಎಚ್‌ಐವಿ ಬಾಧಿತರ ಆರೈಕೆ, ಅಂಗವಿಕಲರ ತರಬೇತಿ ಸಂಸ್ಥೆಯ ಕೆಲಸದ ದೊಡ್ಡ ಭಾಗವಾಗಿದ್ದವು. ಸಮಾಜ ದೂರ ಇಟ್ಟವರನ್ನು ಹತ್ತಿರ ಕರೆಯುವ ಮೊದಲಿನ ಉದ್ದೇಶವೇ ಹೊಸ ಹೆಸರಿನಲ್ಲಿ ಮುಂದುವರಿಯಿತು. 30 ವರ್ಷಗಳ ಗುತ್ತಿಗೆ ಮುಗಿದ ಮೇಲೆ ಈ ನೆಲದ ಮುಂದಿನ ದಾರಿಯ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದದ್ದು ನಮ್ಮ ಭಾಗದವರಿಗೆ ನೆನಪಿದೆ. ಊರಾಚೆ ಇದ್ದ ನೆಲ ಊರೊಳಗಾಗಿ ಚಿನ್ನದ ಬೆಲೆ ಬಂದಾಗ, ಆ ನೆಲ ಯಾರಿಗಾಗಿ ಕೊಟ್ಟದ್ದು ಎಂಬುದನ್ನು ಊರು ಮರೆಯಬಾರದು.

ಕೊಳ್ಳುವವರ ಪಾಲು

ಕೈಕಸುಬಿನ ಸಂಸ್ಥೆಗಳ ಚರಿತ್ರೆಯಲ್ಲಿ ಒಂದು ಮಾತು ಮತ್ತೆ ಮತ್ತೆ ನಿಜವಾಗಿದೆ. ಕನಿಕರದಿಂದ ಕೊಂಡವರು ಒಮ್ಮೆ ಕೊಳ್ಳುತ್ತಾರೆ. ಮಾಲು ಮೆಚ್ಚಿ ಕೊಂಡವರು ಮತ್ತೆ ಬರುತ್ತಾರೆ, ನಾಲ್ಕು ಜನರಿಗೆ ಹೇಳುತ್ತಾರೆ. ಕುಶಲಕರ್ಮಿಗೆ ಬೇಕಾಗಿರುವುದು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಬರುವ ದೊಡ್ಡ ಆರ್ಡರ್ ಒಂದೇ ಅಲ್ಲ. ಯುಗಾದಿಗೂ ದಸರೆಗೂ ಆಷಾಢಕ್ಕೂ ಒಲೆ ಉರಿಯುವಂತೆ ಹನ್ನೆರಡು ತಿಂಗಳೂ ಹರಿದುಬರುವ ಕೆಲಸ ಬೇಕು. 2020ರಲ್ಲಿ ಕೋವಿಡ್ ಬಂದು ಮೇಳಗಳೂ ಮಳಿಗೆಗಳೂ ಮುಚ್ಚಿದಾಗ ರಾಜ್ಯದ ಕೈಕಸುಬಿನ ಗುಂಪುಗಳು ತತ್ತರಿಸಿದವು. ಹಬ್ಬದ ಗಿರಾಕಿಯನ್ನಷ್ಟೇ ನಂಬಿದ್ದವರಿಗೆ ಏಟು ಇನ್ನೂ ಜೋರಾಗಿ ಬಿತ್ತು.

ಇಲ್ಲಿ ನಮ್ಮ ಸುಂಕದಕಟ್ಟೆ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ನಿವಾಸಿಗಳಿಗೆ ಮಾಡುವುದಕ್ಕೆ ಬಹಳ ಇದೆ. ನಮ್ಮ ಸುತ್ತ ಶಾಲೆಗಳಿವೆ, ಸಹಕಾರಿ ಬ್ಯಾಂಕುಗಳಿವೆ, ಪೀಣ್ಯದ ಕಾರ್ಖಾನೆಗಳಿವೆ. ನಿವೃತ್ತರಿಗೆ, ಅತಿಥಿಗಳಿಗೆ, ಬಹುಮಾನ ಗೆದ್ದ ಮಕ್ಕಳಿಗೆ ಪ್ರತಿ ವರ್ಷ ಲೆಕ್ಕವಿಲ್ಲದಷ್ಟು ಪ್ಲಾಸ್ಟಿಕ್ ಫಲಕ, ಗಾಜಿನ ಸ್ಮರಣಿಕೆ ಹಂಚುತ್ತೇವೆ. ಮನೆಗೆ ಹೋದ ಮರುದಿನವೇ ಅವು ಅಟ್ಟ ಸೇರುತ್ತವೆ. ಅದರ ಬದಲು ಕೈಯಿಂದ ಮಾಡಿದ, ಬಳಕೆಗೆ ಬರುವ ವಸ್ತು ಕೊಡಬಹುದು. ಆದರೆ ಕೊಳ್ಳುವಾಗ ನಡೆದುಕೊಳ್ಳುವ ರೀತಿ ಇದೆ. ಆರ್ಡರನ್ನು ತಿಂಗಳುಗಳ ಮುಂಚೆ ಕೊಡಿ. ಅರ್ಧ ಹಣ ಮುಂಗಡ ಕೊಡಿ. ಚೌಕಾಸಿ ಮಾಡಬೇಡಿ. ದೊಡ್ಡ ಮಾಲ್‌ನಲ್ಲಿ ಚೀಟಿಯ ಬೆಲೆಯನ್ನು ಮರುಮಾತಿಲ್ಲದೆ ಕೊಡುವ ನಾವು ಕೈಕೆಲಸದವರ ಮುಂದೆ ಐವತ್ತು ರೂಪಾಯಿಗೆ ಜಗ್ಗಾಡುವುದು ಸರಿಯಲ್ಲ. ಹಾಗೆಯೇ ಹೊಲಿಗೆ ಸೊಟ್ಟಗಿದ್ದರೆ, ಬಣ್ಣ ಬಿಟ್ಟರೆ ಮುಲಾಜಿಲ್ಲದೆ ಹೇಳಿ, ತಿದ್ದಿಸಿಕೊಳ್ಳಿ. ಪಾಪ ಎಂದು ಸುಮ್ಮನಿರುವುದು ಅವರನ್ನು ಕೆಲಸಗಾರರ ಸಾಲಿನಿಂದ ಮತ್ತೆ ಹೊರಗೆ ನಿಲ್ಲಿಸಿದಂತೆ.

1977ರಲ್ಲಿ ಸರ್ಕಾರ ನೆಲ ಕೊಟ್ಟಿತು, ಚರ್ಚು ಹೊಣೆ ಹೊತ್ತಿತು, ವೈದ್ಯರು ರೋಗ ವಾಸಿ ಮಾಡಿದರು, ಸ್ಪರ್ಶ ಕಳೆದುಕೊಂಡ ಕೈಗಳು ಕಸುಬು ಕಲಿತವು. ಈ ನಾಲ್ವರೂ ತಂತಮ್ಮ ಪಾಲಿನದನ್ನು ಮಾಡಿ ಮುಗಿಸಿದ್ದಾರೆ. ಐದನೆಯವರು ಗಿರಾಕಿಗಳು, ಅಂದರೆ ನಾವು. ಈ ಸಂಸ್ಥೆಯ ಮುಂದಿನ ಅಧ್ಯಾಯವನ್ನು ಬರೆಯುವವರು ನಾವೇ, ಪ್ರತಿ ಸಲ ಒಂದು ಉಡುಗೊರೆ ಕೊಳ್ಳುವಾಗ ಅದನ್ನು ಮಾಡಿದವರಿಗೆ ಸಲ್ಲಬೇಕಾದ ಕೂಲಿ ಸಂದಿದೆಯೇ ಎಂದು ಕೇಳುವ ಮೂಲಕ.